ನಾಲ್ಕನೆಯ ಮಾತು

ಯುಗಾದಿ ಕಳೆದಿತ್ತು. ಕಾಗೆ ಕೂಡ ಬೇವಿನ ನೆರಳು ಬಿಟ್ಟು ಕದಲದಂಥ ಮಾನ್ವಿಯ ಮಟಮಟ ಮಧ್ಯಾಹ್ನ. ಆ ಹೊತ್ತಿನಲ್ಲೇ ಜಗಳ ಶುರುವಾಯಿತು.

ಕರುಣಾವತಿ ಚರ್ಚಿನ ಬಾಗಿಲು ದೂಡಿಕೊಂಡು ಬಂದಳು. ಯುವಜನ ಸಂಘದ ಯೇಸುಮಿತ್ರ ಬೆಂಚು ಸರಿಸುತ್ತಿದ್ದ.

“ಯಾರ್ನ ಕೇಳಿ ನನ್ನ ಹೆಸರು ಹಾಕೀರಿ?”

ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಶುಭ ಶುಕ್ರವಾರ ಏಳು ಜನ ಎದ್ದು ಮಾತಾಡುವುದು ಅಲ್ಲಿಯ ರೂಢಿ. ನಾಲ್ಕನೆಯದು ಇವಳ ಪಾಲಿಗೆ ಬಂದಿತ್ತು... ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂಬ ಮಾತು!

“ನನ್ನ ತಮ್ಮನ ಮ್ಯಾಲಿನ ಮಣ್ಣು ಇನ್ನಾ ಆರಿಲ್ಲ. ನನ್ನ ಸಂಕಟ ನಿಮಗ ಆಟ ಆಗ್ಯಾದೇನು?”

“ಆಟ ಅಲ್ರೀ...”

“ಮತ್ತೇನು? ಮಣ್ಣು ಕೊಡೋ ಹೊತ್ತಿನ್ಯಾಗ ‘ದೇವರ ಚಿತ್ತ’ ಅಂದೋರು ನೀವೇ ಅಲ್ಲೇನು!”

ಮಿತ್ರ ಬೆಂಚು ಬಿಟ್ಟು ನೆಟ್ಟಗೆ ನಿಂತ. ಅವಳ ತಮ್ಮ ಜಯಪಾಲ ಅವನ ಜೀವದ ಗೆಳೆಯ. ಡೆಂಗಿ ಜ್ವರದಿಂದ ಜಯಪಾಲ ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತ್ತು. ಹುಡುಗ ಉಳಿಯಲಿಲ್ಲ. ಅದಕ್ಕೂ ಮೊದಲು, ಆರಾಧನೆಯಲ್ಲಿ ಕರುಣಾಳ ಕಣ್ಣು ಹುಡುಕುತ್ತಿದ್ದುದು ಮಿತ್ರನನ್ನೇ. ‘ದೇವರ ಚಿತ್ತ’ ಎಂದ ಆ ಒಂದು ಮಾತಿಗೆ ಅವನ ಮುಖ ನೋಡುವುದನ್ನೂ ಬಿಟ್ಟಿದ್ದಳು.

“ಅವತ್ತು ನನಗ ಬ್ಯಾರೆ ಮಾತು ಬರ್ಲಿಲ್ಲ. ಎಲ್ಲಾರೂ ಅನ್ನೋದನ್ನ ನಾನೂ ಅಂದೆ. ಮನಿಗೆ ಹೋಗಿ ಬಾಯಿ ಬಡ್ಕೊಂಡೆ. ಈ ನಾಲ್ಕನೇ ಮಾತು ಎಲ್ಲಾರೂ ಸಕ್ರಿ ಹಚ್ಚಿ ಹೇಳ್ತಾರ. ನೀವು ಹಂಗ ಹೇಳಂಗಿಲ್ಲ. ಮನ್ಯಾಗ ಕುಂತು ದೇವರನ್ನ ಯಾಕ ಬೈತೀರಿ? ಆತನ ಮುಂದ ನಿಂತೇ ಬೈರಿ.”

“ಬೈತೀನಿ! ನೋಡ್ತಿರ್ರಿ!”

ಶುಕ್ರವಾರ ಬಿಳಿ ಸೀರೆಯುಟ್ಟು ಎದ್ದು ನಿಂತಳು.

“ಯಪ್ಪಾ... ನಮ್ಮವ್ವ ಹನಿ ನೀರು ಮುಟ್ಟದ ಬೇಡಿದ್ಳು. ನಿನಗ ಕೇಳಿಸ್ಲಿಲ್ಲೇನು? ನಿನ್ನ ಮಗ ಒದರಿದಾಗೂ ಸುಮ್ನಿದ್ದಿ. ನಮ್ಮವ್ವ ಒದರಿದಾಗೂ ಸುಮ್ನಿದ್ದಿ. ಯಾಕ? ಹೇಳು!”

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ತಡೆಯಲು ಎದ್ದರು.

ಹೆಂಗಸರ ಸಾಲಿನಿಂದ ಅವಳ ತಾಯಿ ಸುಂದರಮ್ಮ ಗದರಿದಳು. “ಕೂಡ್ರಿ ಪಾಸ್ಟರೇ! ಆಕಿ ತನ್ನ ತಂದಿ ಕೂಡ ಜಗಳಾಡಾಕತ್ತಾಳ. ಆತನ್ನ ಬಿಟ್ಟು ಹೋಗೋರು ಹಿಂಗ ಒದರ್ತಾರೇನು?”

ತಮ್ಮ ಸತ್ತಾಗಲೂ ಅಳದ ಕರುಣಾ ಅಲ್ಲೇ ಕುಸಿದು ಅತ್ತಳು. ಮೇಲಿನಿಂದ ಉತ್ತರ ಬರಲಿಲ್ಲ. ಆದರೆ ಎದೆಯ ಮೇಲಿನ ಬಂಡೆ ಸರಿಸಲು ಯಾರೋ ತಮ್ಮದೂ ಒಂದು ಕೈ ಕೊಟ್ಟ ಹಾಗಾಯಿತು...

ಈಸ್ಟರ್ ದಿನ ಬೆಳಕು ಹರಿಯುವಾಗ ಎಲ್ಲರೂ ಮೇಣದಬತ್ತಿ ಹಿಡಿದು ಸಮಾಧಿಗಳ ಕಡೆ ನಡೆದರು. ಜಯಪಾಲನ ಸಮಾಧಿಗೆ ಆಗಲೇ ಸುಣ್ಣ ಬಳಿದಾಗಿತ್ತು. ಕರುಣಾ ಮಿತ್ರನ ಬೆರಳು ನೋಡಿದಳು. ಸುಣ್ಣಕ್ಕೆ ಸುಲಿದಿದ್ದವು.

“ನನ್ನ ಸಿಟ್ಟು ಇನ್ನಾ ಹೋಗಿಲ್ರೀ. ಆತನ ಮ್ಯಾಲೂ, ನಿಮ್ಮ ಮ್ಯಾಲೂ.”

“ಇರ್ಲಿ ಬಿಡ್ರಿ. ಬೈಯಾಕಾದ್ರೂ ಹತ್ರ ಇರ್ತೀರಲ್ಲ?”

“ದಿನಾ ಬೈತೀನಿ. ತಡ್ಕೊಂತೀರೇನು?”

“ಜೀವ ಇರೋತನ...”

ಅವಳು ಮುಖ ತಿರುಗಿಸಿದಳು. “ಹಂಗಾದ್ರ ಹೆಣ್ಣು ಕೇಳಾಕ ನಿಮ್ಮವ್ವನ್ನ ಮನಿಗೆ ಕಳಸ್ರಿ!”

ಮರುದಿನ ಸೋಮವಾರ, ಮೊದಲ ಬಸ್ಸಿಗೇ ಯೇಸುಮಿತ್ರ ಊರಿನಲ್ಲಿದ್ದ ಅವ್ವನನ್ನು ಕರೆತರಲು ದೇವದುರ್ಗಕ್ಕೆ ಹೊರಟ.