ಹೆಸರು ಹೇಳದೆ ಮಾಡಿದ ಫೋನು

“ಏನಮ್ಮಾ ಇದು, ಲಾಟರಿ ನಂಬರ್ರಾ?”

ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯನವರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಗೇಟಿನ ಮುಂದೆ ನಿಂತುಬಿಟ್ಟಿದ್ದರು. ಶಾಂತಲಾ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಓಡಿ ಬಂದಳು. ಸಾರಿಸಿದ ಅಂಗಳದಲ್ಲಿ ದಿನಾ ಇರುವ ನಕ್ಷತ್ರದ ರಂಗೋಲಿ ಇರಲಿಲ್ಲ. ಅದರ ಜಾಗದಲ್ಲಿ ಸೊನ್ನೆ, ಎಂಟು, ಒಂದು, ಮೂರು, ಒಂದು, ಏಳು ಅಂತ ಅಂಕಿಗಳು ಸಾಲಾಗಿ ಕೂತಿದ್ದವು. ಒಂದೊಂದೂ ಊಟದ ತಟ್ಟೆಯಷ್ಟು ದೊಡ್ಡದು. ಏಳರ ಬಾಲಕ್ಕೆ ಒಂದು ಬಳ್ಳಿಯೂ ಸುತ್ತಿಕೊಂಡಿತ್ತು.

“ಲಾಟರಿ ಅಲ್ಲ ಸ್ವಾಮಿ, ಫೋನ್ ನಂಬರ್ರು,” ಅಂದಳು ಗಿರಿಯಮ್ಮಜ್ಜಿ. “ದಿನಾ ಬರ್ದು ಅಭ್ಯಾಸ ಮಾಡಿ ಅಂದವ್ರೆ ಕ್ಲಾಸಲ್ಲಿ. ನಂಗೆ ಪೆನ್ಸಿಲ್‌ಗಿಂತ ರಂಗೋಲಿ ಪುಡಿನೇ ಕೈಗೆ ಬತ್ತದೆ.”

ಲಕ್ಷ್ಮೀನರಸಿಂಹಯ್ಯನವರು ಭಲೇ ಅನ್ನುತ್ತಾ ಹೋದರು. ಶಾಂತಲಾಗೆ ಮಾತ್ರ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಇನ್ನೊಂದು ಗಂಟೆಗೆ ಅವಳ ಕ್ಲಾಸಿನ ಹುಡುಗಿಯರೆಲ್ಲ ಇದೇ ದಾರಿಯಲ್ಲಿ ಸ್ಕೂಲಿಗೆ ಹೋಗುತ್ತಾರೆ. ಆದರೆ ನಾಚಿಕೆಗಿಂತ ದೊಡ್ಡದೊಂದು ಭಯ ಅವಳಿಗಿತ್ತು. ಅಜ್ಜಿಗೆ ಈಗ ಎಲ್ಲಾ ಅಂಕಿಗಳೂ ಬರುತ್ತಿದ್ದವು.

ಅಜ್ಜಿ ಕಡಬದಿಂದ ತುಮಕೂರಿಗೆ ಬಂದು ಎರಡು ತಿಂಗಳಾಗಿತ್ತು. ಶಾಂತಲಾಗೆ ತಮ್ಮ ಹುಟ್ಟಿದ್ದ. ಶಾಂತಲಾಳ ಸ್ಕೂಲು ತಪ್ಪಬಾರದು ಅಂತ ಅಮ್ಮ ಈ ಸಲ ತವರಿಗೆ ಹೋಗಲಿಲ್ಲ. ಬಾಣಂತನಕ್ಕೆ ಅಜ್ಜಿಯೇ ಉಪ್ಪಾರಹಳ್ಳಿಯ ಈ ಪುಟ್ಟ ಮನೆಗೆ ಬಂದಳು. ತೆಂಗಿನ ತೋಟ, ಹಸು, ಕರು ನೋಡಿಕೊಳ್ಳಲು ತಾತ ಊರಲ್ಲೇ ಉಳಿದರು.

ಮನೆಯಲ್ಲಿ ಫೋನ್ ಇರಲಿಲ್ಲ. ತಾತನ ಮನೆಯಲ್ಲೂ ಇರಲಿಲ್ಲ. ಕಡಬದ ಕೆರೆ ಏರಿ ಹತ್ತಿರ ಓಬಳಯ್ಯನ ಅಂಗಡಿಯಲ್ಲಿ ಒಂದಿತ್ತು. ಪ್ರತಿ ಭಾನುವಾರ ಅಜ್ಜಿ, ಮೊಮ್ಮಗಳು ಶಿವಮೂರ್ತಿಯ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದರು. ನಂಬರ್ ಒತ್ತುವುದು ಶಾಂತಲಾ. ತಾತನನ್ನು ಕರೆಯಿರಿ ಅನ್ನುವುದೂ ಶಾಂತಲಾ. ತಾತ ಬಂದ ಮೇಲೆ ಮಾತಾಡುವುದೂ ಹೆಚ್ಚುಕಡಿಮೆ ಶಾಂತಲಾನೇ. ಅಜ್ಜಿಗೆ ಕೊನೆಯಲ್ಲಿ ಒಂದು ನಿಮಿಷ ಸಿಗುತ್ತಿತ್ತು. ರಿಸೀವರ್ ಎಲ್ಲಿ ಶಾಕ್ ಹೊಡೆಯುತ್ತದೋ ಅನ್ನುವ ಹಾಗೆ ದೂರ ಹಿಡಿದು, “ಹ್ಞೂ, ಹ್ಞೂ, ಊಟ ಮಾಡಿ” ಅಂತ ಕೂಗಿ ಇಟ್ಟುಬಿಡುತ್ತಿದ್ದಳು. ಶಾಂತಲಾಗೆ ಕ್ಲಾಸ್ ಮಾನಿಟರ್ ಆದಷ್ಟು ಜಂಬ.

ಹೋದ ಭಾನುವಾರ ಬೂತಿಗೆ ಹೋಗುವಾಗ ಅಜ್ಜಿ ಒಂದು ಮುಖ್ಯವಾದ ಮಾತು ಹೇಳಿದ್ದಳು. ಊರಿಂದ ಬಂದವರೊಬ್ಬರು ಹೇಳಿದ ಪ್ರಕಾರ ತಾತ ಕರುವನ್ನು ಗುಬ್ಬಿ ಕಡೆಯವರೊಬ್ಬರಿಗೆ ಕೊಡುತ್ತಾರಂತೆ, ಒಬ್ಬರ ಕೈಯಲ್ಲಿ ನೋಡಿಕೊಳ್ಳೋಕೆ ಆಗುವುದಿಲ್ಲವಂತೆ. ಅವರು ಮುಂದಿನ ಭಾನುವಾರ ಬೆಳಿಗ್ಗೆಯೇ ಬಂದು ಹೊಡೆದುಕೊಂಡು ಹೋಗುತ್ತಾರಂತೆ. ಆದರೆ ಆ ಕರು ಹುಟ್ಟಿದ್ದು ತಮ್ಮ ಹುಟ್ಟಿದ ವಾರದಲ್ಲೇ. ಇದು ಮಗುವಿಗೆ ಅಂತ ಅಜ್ಜಿ ಮನಸ್ಸಿನಲ್ಲೇ ಬಿಟ್ಟಿದ್ದಳು. ಮಗಳ ಮಗುವಿಗೆ ಕರು ಕೊಡುವುದು ಅವಳ ಮನೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಅದನ್ನು ತಾತನಿಗೆ ಹೇಳಿರಲಿಲ್ಲ. ಕೊಡಬೇಡಿ ಅಂತ ಮರೆಯದೆ ಹೇಳೇ ಅಂದಿದ್ದಳು.

ಶಾಂತಲಾ ಮರೆತಳು. ಓಟದಲ್ಲಿ ಸೆಕೆಂಡ್ ಬಂದದ್ದು, ತಮ್ಮ ನಕ್ಕದ್ದು, ಹೊಸ ಸ್ಕೂಲ್ ಬ್ಯಾಗು, ಎಲ್ಲಾ ಹೇಳಿ ಟಕ್ ಅಂತ ಫೋನ್ ಇಟ್ಟುಬಿಟ್ಟಳು. ಅಂದು ಅಜ್ಜಿಗೆ ಅವಳ ಆ ಒಂದು ನಿಮಿಷವೂ ಸಿಗಲಿಲ್ಲ.

“ಕರು ವಿಷ್ಯ ಹೇಳಿದ್ಯೇನೇ?” ಅಂತ ಅಜ್ಜಿ ಕೇಳಿದಾಗಲೇ ಶಾಂತಲಾಗೆ ನೆನಪಾದದ್ದು.

“ಹೇಳ್ದೆ ಅಜ್ಜಿ.”

ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿ, ಸರಿ ಅಂದಳು. ಅಷ್ಟೇ. ಆವತ್ತಿನಿಂದ ಶಾಂತಲಾಗೆ ಅನ್ನ ಸರಿಯಾಗಿ ಸೇರುತ್ತಿರಲಿಲ್ಲ.

ಇನ್ನು ಆ ಕ್ಲಾಸಿನ ವಿಷಯ. ಸಮುದಾಯ ಭವನದಲ್ಲಿ ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅದು ನಡೆಯುತ್ತಿತ್ತು. ಸ್ಕೂಲಿಗೆ ಹೋಗದ ದೊಡ್ಡವರಿಗೆ ಮಾತ್ರ. ಕಲಿಸುವವರು ಪ್ರಮೀಳಾ ಮಿಸ್. ಅವರ ಜೋಳಿಗೆಯಲ್ಲಿ ಒಂದು ಕಡೆ ಬಣ್ಣದ ಡಬ್ಬಿ, ಇನ್ನೊಂದು ಕಡೆ ಸ್ಕ್ರೂಡ್ರೈವರ್. ಮೊದಲು ಒಂದು ಗಂಟೆ ಚಿತ್ರ, ಆಮೇಲೆ ಒಂದು ಗಂಟೆ ಮೆಷಿನ್ನು. ಒಂದು ವಸ್ತುವನ್ನು ಸರಿಯಾಗಿ ನೋಡುವುದಕ್ಕೆ ಬಂದರೆ ಅದರ ಹೆದರಿಕೆ ಹೋಗುತ್ತದೆ ಅನ್ನುವುದು ಅವರ ಲೆಕ್ಕಾಚಾರ.

ಮೊದಲ ದಿನ ಅಜ್ಜಿಯ ಜೊತೆಗೆ ಹೋಗಿದ್ದ ಶಾಂತಲಾ ಅದನ್ನು ಕಣ್ಣಾರೆ ಕಂಡಿದ್ದಳು. ಮಿಸ್ ಒಂದು ಹಳೇ ಫೋನನ್ನು ಎಲ್ಲರ ನಡುವೆ ಇಟ್ಟು ಸ್ಕ್ರೂ ಬಿಚ್ಚಿಬಿಟ್ಟರು. ಒಳಗೆ ಇದ್ದದ್ದು ನಾಲ್ಕು ವೈರು, ಬಾರಿಸುವ ಒಂದು ಪುಟ್ಟ ಗಂಟೆ, ಅಷ್ಟೇ. ಹೂ ಮಾರುವ ಹನುಮಂತಮ್ಮ, ಇಷ್ಟಕ್ಕಾ ನಾನು ಇಷ್ಟು ವರ್ಷ ಹೆದರಿದ್ದು ಅಂತ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರೆಲ್ಲ ಇಸ್ತ್ರಿಪೆಟ್ಟಿಗೆ ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಫ್ಯೂಸ್ ಹಾಕುವುದನ್ನು ಕಲಿತರು. ಐವತ್ತು ದಾಟಿದ ಬೀರಯ್ಯ ತನ್ನ ಸೈಕಲ್ ಶಾಪಿನ ಬೋರ್ಡನ್ನು ತಾನೇ ಬಣ್ಣದಲ್ಲಿ ಬರೆದ.

ಆ ಮೊದಲ ದಿನದ ಚಿತ್ರದ ಗಂಟೆಯಲ್ಲಿ ಅಜ್ಜಿ ತಮ್ಮ ಹಸುವನ್ನು ಬರೆದಿದ್ದಳು. ಕಾಲು ನಾಲ್ಕೂ ಒಂದೇ ಕಡೆಗಿದ್ದವು. ಶಾಂತಲಾ ಕಿಸಕ್ಕೆಂದಳು. ಮಿಸ್ ನಗಲಿಲ್ಲ. ಬೇರೆಯವರು ಯಾವುದೋ ಹಸು ಬರೆದಿದ್ದಾರೆ, ನೀವು ನಿಮ್ಮ ಹಸು ಬರೆದಿದ್ದೀರಿ, ಎಡಗಡೆಯ ಕೊಂಬು ಸೊಟ್ಟ ಇರುವುದನ್ನು ಮರೆತಿಲ್ಲ ನೋಡಿ ಅಂತ ಆ ಹಾಳೆಯನ್ನು ಎಲ್ಲರಿಗೂ ತೋರಿಸಿದರು. ಕಣ್ಣು ಮುಚ್ಚಿ ನೋಡಿ, ಇನ್ನೊಂದರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ ಅಂತ ಹುಡುಕಿ ಅನ್ನುವುದು ಅವರು ದಿನಾ ಹೇಳುವ ಮಾತು.

ಅಂಕಿಗಳನ್ನೂ ಅಜ್ಜಿ ಹಾಗೇ ಕಲಿತಳು. ಸೊನ್ನೆ ಬಳೆ. ಒಂದು ಒನಕೆ. ಏಳು ಕುಡುಗೋಲು. ಎಂಟು ಜಡೆಯ ಹೆಣಿಗೆ. ಅಕ್ಷರ ಬಾರದ ಕೈ ಒಂದು ತಿಂಗಳಲ್ಲಿ ಓಬಳಯ್ಯನ ಅಂಗಡಿಯ ನಂಬರನ್ನು ತಪ್ಪಿಲ್ಲದೆ ಬರೆಯುವ ಹಾಗಾಯಿತು.

ಫೋನಿನ ಪರೀಕ್ಷೆ ಮುಂದಿನ ತಿಂಗಳು ಇತ್ತು. ಎಲ್ಲರೂ ಬೂತಿಗೆ ಹೋಗಿ, ಯಾರ ಸಹಾಯವೂ ಇಲ್ಲದೆ ತಮಗೆ ಬೇಕಾದವರ ಜೊತೆ ಮಾತಾಡಬೇಕು. ಆದರೆ ಅಜ್ಜಿ ಮಂಗಳವಾರ ಮಿಸ್ ಹತ್ತಿರ ಹೋಗಿ, ತನ್ನದನ್ನು ಈ ಶನಿವಾರವೇ ಮುಗಿಸಿಬಿಡಿ ಅಂತ ಕೇಳಿಕೊಂಡಳು. ಯಾಕೆ ಅಂತ ಹೇಳಲಿಲ್ಲ. ಮಿಸ್ ಒಪ್ಪಿಕೊಂಡರು. ಆ ಶನಿವಾರವೇ ಇವತ್ತು.

ಮಧ್ಯಾಹ್ನ ನಾಲ್ಕಕ್ಕೆ ಇಡೀ ಕ್ಲಾಸು ಶಿವಮೂರ್ತಿಯ ಬೂತಿನ ಮುಂದೆ ಜಮಾಯಿಸಿತು. ಬಾಗಿಲು ತೆಗೆದಿಟ್ಟರೂ ಗಾಜಿನ ಪೆಟ್ಟಿಗೆಯೊಳಗೆ ಇಬ್ಬರಿಗಷ್ಟೇ ಜಾಗ. ಅಜ್ಜಿ ಒಳಗೆ ನಿಂತಳು. ಶಾಂತಲಾಳನ್ನೂ ಪಕ್ಕಕ್ಕೆ ಎಳೆದುಕೊಂಡಳು. ಎಲ್ಲರಿಗೂ ಕೇಳಲಿ ಅಂತ ಶಿವಮೂರ್ತಿ ಸ್ಪೀಕರ್ ಹಾಕಿದ.

ತಾತ ಫೋನಿಗೆ ಬಂದರೆ ಕರುವಿನ ಮಾತು ಬರುತ್ತದೆ. ಕರುವಿನ ಮಾತು ಬಂದರೆ ತನ್ನ ಸುಳ್ಳು ಹೊರಬೀಳುತ್ತದೆ, ಅದೂ ಇಷ್ಟು ಜನರ ಮುಂದೆ. ದೇವರೇ, ಅಜ್ಜಿ ಒಂದೇ ಒಂದು ಅಂಕಿ ತಪ್ಪು ಒತ್ತಲಿ ಅಂತ ಶಾಂತಲಾ ಬೇಡಿಕೊಂಡಳು.

ಅಜ್ಜಿ ತಪ್ಪು ಒತ್ತಲಿಲ್ಲ. ಬಳೆ, ಜಡೆ, ಒನಕೆ ಅಂತ ತುಟಿಯಲ್ಲೇ ಹೇಳಿಕೊಳ್ಳುತ್ತಾ ಒಂದೊಂದನ್ನೂ ಒತ್ತಿದಳು. ಆ ಕಡೆ ರಿಂಗ್ ಆಯಿತು. ಹೆಂಗಸಿನ ದನಿ ಬಂತು.

“ಹಲೋ, ಯಾರು?”

“ನಾನು ಗಿರಿಯಮ್ಮ ಕಣವ್ವ, ತುಮಕೂರಿಂದ. ಓಬಳಯ್ಯ ಇಲ್ವಾ?”

“ಮಾವ ತಿರುಪತಿಗೆ ಹೋಗವ್ರೆ, ಬರೋದು ಸೋಮವಾರ. ನಿಮ್ಗೆ ಯಾರ್ ಬೇಕಿತ್ತು?”

“ನಮ್ಮೋರ್ನ ಒಸಿ ಕರೀಬೇಕಿತ್ತು.”

“ನಿಮ್ಮೋರು ಅಂದ್ರೆ ನಂಗೆ ಗೊತ್ತಾಗಾಕಿಲ್ಲ. ಹೆಸರೇಳಿ.”

ಅಜ್ಜಿ ಎಲ್ಲಾ ಕಲಿತಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ಮದುವೆಯಾದ ನಲವತ್ತು ವರ್ಷಗಳಲ್ಲಿ ಅವಳು ಒಮ್ಮೆಯೂ ಗಂಡನ ಹೆಸರನ್ನು ಬಾಯಿಂದ ಆಡಿದವಳಲ್ಲ. ಆಡಿದರೆ ಗಂಡನ ಆಯಸ್ಸಿಗೆ ಒಳ್ಳೆಯದಲ್ಲ ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದರು. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿ ನಿಂತವರ ಕೈಯಲ್ಲಿ ಹೇಳಿಸುತ್ತಿದ್ದಳು. ಇಲ್ಲಿ ಪ್ರತಿ ಭಾನುವಾರ ಶಾಂತಲಾನೇ ಹೇಳುತ್ತಿದ್ದಳಲ್ಲ, ಹಾಗಾಗಿ ಅದರ ನೆನಪೇ ಬಂದಿರಲಿಲ್ಲ.

“ಮಂಗಳಗೌರಿ ಅವ್ರಪ್ಪ ಕಣವ್ವ,” ಅಂದಳು ಮೆಲ್ಲಗೆ, ಶಾಂತಲಾಳ ಅಮ್ಮನ ಹೆಸರು ಹಿಡಿದು.

ಆ ಹೆಂಗಸು ಓಬಳಯ್ಯನ ಹೊಸ ಸೊಸೆ. ಊರ್ಡಿಗೆರೆಯಿಂದ ಮದುವೆಯಾಗಿ ಬಂದು ಇನ್ನೂ ಹದಿನೈದು ದಿನವಂತೆ. ಇಲ್ಲಿ ಯಾರು ಯಾರ ಅಪ್ಪ ಅಂತ ಅವಳಿಗೆ ಗೊತ್ತಿಲ್ಲವಂತೆ. ಹೆಸರು ಹೇಳಿ, ಇಲ್ಲದಿದ್ದರೆ ಮಾವ ಬಂದ ಮೇಲೆ ಮಾಡಿ ಅಂದಳು.

ಮಾವ ಬರುವುದು ಸೋಮವಾರ. ಕರು ಹೋಗುವುದು ನಾಳೆ ಬೆಳಿಗ್ಗೆ.

ಪುಟ್ಟರಂಗಯ್ಯ. ಶಾಂತಲಾಳ ನಾಲಿಗೆಯ ತುದಿಯಲ್ಲೇ ಇತ್ತು ತಾತನ ಹೆಸರು. ಹೇಳಿದರೆ ತಾತ ಬರುತ್ತಾರೆ, ಕರು ಉಳಿಯುತ್ತದೆ, ತಾನು ಸಿಕ್ಕಿಬೀಳುವುದು ಖಂಡಿತ. ಸುಮ್ಮನಿದ್ದರೆ ತಾನು ಬಚಾವ್. ಹೊರಗಿನಿಂದ ಮಿಸ್, “ಶಾಂತಲಾ, ನಿಂಗೆ ಗೊತ್ತಲ್ವಾ ತಾತನ ಹೆಸರು?” ಅಂದರು. ಶಾಂತಲಾ ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತಳು. ಬಾಯಿ ತೆರೆಯಲಿಲ್ಲ.

ಅಜ್ಜಿ ಮೊಮ್ಮಗಳ ಕಡೆ ತಿರುಗಲೇ ಇಲ್ಲ. ಯಾರೂ ಹೇಳಬೇಡಿ ಅನ್ನುವ ಹಾಗೆ ಕೈ ಎತ್ತಿದಳು. ಆಮೇಲೆ ಚಿತ್ರದ ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿದಳು.

“ತಾಯೀ, ನಿಮ್ಮಂಗ್ಡಿ ಮುಂದ್ಲ ಅರಳಿಕಟ್ಟೆ ಮ್ಯಾಲೆ ಈಗ ಯಾರಾದ್ರೂ ಕೂತವ್ರಾ?”

“ಐದಾರು ಜನ ಅವ್ರೆ. ಎಲ್ಲಾ ವಯಸ್ಸಾದೋರೆ. ಎಲ್ರುದೂ ಬಿಳೀ ಪಂಚೆ.”

“ನಮ್ಮೋರ್ದು ಎಡಗಡೆ ಭುಜ ಒಸಿ ತಗ್ಗು, ತೆಂಗಿನ್ಕಾಯಿ ಮೂಟೆ ಹೊತ್ತೂ ಹೊತ್ತೂ. ಮಾತಾಡೋವಾಗ ಎದುರಿಗಿರೋರ್ನ ನೋಡಾಕಿಲ್ಲ, ಕೆರೆ ಕಡೆ ನೋಡ್ತಾರೆ. ಮುಂದ್ಲ ಹಲ್ಲು ಹೋದಾಗಿಂದ ನಗ್ಬೇಕಾದ್ರೆ ಬಾಯಿಗೆ ಟವಲ್ಲು ಅಡ್ಡ ಹಿಡೀತಾರೆ. ಎದ್ದು ಹೊರಡೋ ಮುಂಚೆ ಕೂತಿದ್ದ ಜಾಗನ ಒಂದ್ಸಲ ಕೈಯಲ್ಲಿ ಒರಸ್ತಾರೆ, ಇನ್ನೊಬ್ರು ಕೂತ್ಕೊಳ್ಳಲಿ ಅಂತ.”

ಶಾಂತಲಾ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಪ್ರತಿ ಬೇಸಿಗೆ ರಜೆಯಲ್ಲಿ ಅವಳು ತಾತನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು. ಆ ಭುಜ ತಗ್ಗಿರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಆ ಕಡೆ ಸೊಸೆ ಕಟ್ಟೆಯತ್ತ ಇಣುಕಿ ನೋಡಿರಬೇಕು. ಆಮೇಲೆ ಬಂದ ದನಿಯಲ್ಲಿ ನಗು ಇತ್ತು.

“ಅವ್ರೇ ಇರ್ಬೇಕು. ಟವಲ್ ಅಡ್ಡ ಇಟ್ಕೊಂಡು ನಗ್ತಾವ್ರೆ. ಇರಿ, ಕರೀತೀನಿ.”

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಚಪ್ಪಲಿಯ ಸದ್ದು ಹತ್ತಿರ ಬಂತು.

“ಹಲೋ. ಶಾಂತೂ?”

“ನಾನು,” ಅಂದಳು ಅಜ್ಜಿ.

“ನೀನಾ? ನಂಬರ್ ಯಾರು ಒತ್ತಿಕೊಟ್ರು?” ಅಂದರು ತಾತ.

“ಯಾರೂ ಇಲ್ಲ. ನಾನೇ ಒತ್ತಿದ್ದು.”

ಬೀರಯ್ಯ ಚಪ್ಪಾಳೆ ತಟ್ಟಿದ. ಹನುಮಂತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪ್ರಮೀಳಾ ಮಿಸ್ ಸನ್ನೆ ಮಾಡಿ ಸ್ಪೀಕರ್ ಆಫ್ ಮಾಡಿಸಿದರು. ಇನ್ನು ಮುಂದಿನದು ಅವರಿಬ್ಬರ ಮಾತು ಅಂತ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದರು.

ಗೋಡೆಗೆ ಒತ್ತಿಕೊಂಡು ನಿಂತಿದ್ದ ಶಾಂತಲಾಗೆ ಮಾತ್ರ ಅಜ್ಜಿಯ ಮಾತು ಕೇಳುತ್ತಲೇ ಇತ್ತು. ಕರು ಕೊಡಬೇಡಿ, ಮಗುವಿಗೆ ಬಿಟ್ಟಿದೀನಿ ಅಂದಳು ಅಜ್ಜಿ. ತಾತ ಏನೋ ಕೇಳಿದರು. ಶಾಂತಲಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

“ಇಲ್ಲ, ಶಾಂತೂ ಕೈಲಿ ಏನೂ ಹೇಳಿಕಳ್ಸಿರ್ಲಿಲ್ಲ,” ಅಂದಳು ಅಜ್ಜಿ. “ಈ ಮಾತು ನಾನೇ ಹೇಳಾಣ ಅಂತಿದ್ದೆ.”

ಕರು ಕೊಡುವುದಿಲ್ಲ ಅಂತ ತಾತ ಒಪ್ಪಿಕೊಂಡಿರಬೇಕು, ಆಮೇಲೆ ಅಜ್ಜಿ ತುಂಬಾ ಹೊತ್ತು ಮಾತಾಡಿದಳು. ಹಸು ಎಷ್ಟು ಹಾಲು ಕೊಡುತ್ತಿದೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ ಅಂತೆಲ್ಲ ಕೇಳಿದಳು. ತಾತ ಏನೋ ಹೇಳಿದ್ದಕ್ಕೆ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಇಷ್ಟೊಂದು ಮಾತು ಇವಳೊಳಗೆ ಎಲ್ಲಿತ್ತು ಅಂತ ಶಾಂತಲಾಗೆ ಆಶ್ಚರ್ಯವಾಯಿತು. ಎರಡು ತಿಂಗಳಿನಿಂದ ಪ್ರತಿ ಭಾನುವಾರ ಆ ರಿಸೀವರು ಯಾರ ಕೈಯಲ್ಲಿತ್ತು ಅನ್ನುವುದೂ ನೆನಪಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿ ಏನೂ ಆಗದವಳ ಹಾಗೆ ನಡೆಯುತ್ತಿದ್ದಳು. ಎರಡು ಕ್ರಾಸ್ ದಾಟುವವರೆಗೆ ಶಾಂತಲಾ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

“ಅಜ್ಜಿ, ಅವತ್ತು ನಾನು ತಾತಂಗೆ ಹೇಳಿರ್ಲಿಲ್ಲ. ಮರ್ತುಹೋಗಿತ್ತು.”

“ಗೊತ್ತು ಕಣೇ. ಪಕ್ಕದಲ್ಲೇ ನಿಂತಿರ್ಲಿಲ್ವಾ ನಾನು?”

“ಗೊತ್ತಿದ್ರೂ ಯಾಕೆ ಇನ್ನೊಂದ್ಸಲ ನನ್ನ ಕೇಳ್ಲಿಲ್ಲ?”

ಅಜ್ಜಿ ಅವಳ ಕೈ ಹಿಡಿದು ರಸ್ತೆ ದಾಟಿಸಿದಳು.

“ಮತ್ತೆ ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತಲ್ಲ ಮಗಾ. ಬಾ, ಬಿರಬಿರನೆ ಕಾಲ್ಹಾಕು. ಕೂಸು ಎದ್ದಿರ್ತದೆ.”

ಮಾರನೆಯ ದಿನ ಭಾನುವಾರ. ಇಬ್ಬರೂ ಎಂದಿನ ಹಾಗೆ ಬೂತಿಗೆ ಹೋದರು. ಅಜ್ಜಿ ಗಾಜಿನ ಪೆಟ್ಟಿಗೆಯೊಳಗೆ ಹೋಗಿ ನಂಬರ್ ಒತ್ತಿದಳು. ರಸ್ತೆಯಲ್ಲಿ ಬಸ್ಸೊಂದು ಹಾರನ್ ಬಾರಿಸುತ್ತಾ ಬಂತು. ಶಾಂತಲಾ ಹೊರಗೇ ನಿಂತು ಬಾಗಿಲನ್ನು ಎಳೆದು ಮುಚ್ಚಿದಳು.

ಇವತ್ತು ನೀನು ಒಳಗೆ ಹೋಗೋದಿಲ್ವಾ ಅಂತ ಶಿವಮೂರ್ತಿ ಕೇಳಿದ. ಶಾಂತಲಾ ಅಡ್ಡಡ್ಡ ತಲೆಯಾಡಿಸಿ ಬೆಂಚಿನ ಮೇಲೆ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಒಳಗಿನಿಂದ ರಿಸೀವರನ್ನು ಎತ್ತಿ ತೋರಿಸಿ, ಬಾ, ತಾತನ ಜೊತೆ ಮಾತಾಡು ಅಂತ ಕರೆದಳು. ಇನ್ನೂ ಸ್ವಲ್ಪ ಹೊತ್ತು ನೀನೇ ಮಾತಾಡು ಅಂತ ಶಾಂತಲಾ ಕೈಸನ್ನೆ ಮಾಡಿದಳು.