ನಂಬರು ಅಳಿಸಿದ ಕಲ್ಲುಗಳು

"ಹರಾಜಿನ ಕುರಿಗೆ ಹಾಕೋ ಹಾಗೆ ನಿನ್ನ ಮನೆಗೂ ನಂಬರ್ ಹಾಕಿದಾನಲ್ಲೇ ಇಷ್ಬೆಲ್!" ಬ್ರೆಡ್ಡಿನ ಗಾಡಿಯ ಮುದುಕಿ ಎಫಿ ನಕ್ಕಳು.

ಇಷ್ಬೆಲ್ ಪೆಟ್ಟಿಗೆ ಕೆಳಗಿಟ್ಟಳು.

ಡನ್‌ಕರಿ ಕೋಟೆಯ ಹೆಬ್ಬಾಗಿಲಿಗೆ ಅಂಟಿಕೊಂಡಿದ್ದ ಅವಳ ಕಾವಲುಮನೆಗೆ ಪಡುವಣ ಗೋಡೆಯೇ ಇರಲಿಲ್ಲ! ಆ ಜಾಗದಲ್ಲಿ ತಾಡಪಾಲು. ಹುಲ್ಲಿನ ಮೇಲೆ ಕಲ್ಲುಗಳು. ಒಂದೊಂದರ ಮೇಲೂ ಸೀಮೆಸುಣ್ಣದ ಅಂಕಿ.

ಅದು ಕಲ್ಲುಕುಟಿಗ ಮರ್ಡೋನ ಬರಹ. ಒಂದು ತಿಂಗಳು ಅವಳ ಒಲೆಯ ಮುಂದೆ ಬಾರ್ಲಿ ಸೂಪು ಕುಡಿದವನು. 'ಅಕ್ಕನ ಬಾಣಂತನಕ್ಕೆ ಹೋಗಿ ಬಾ, ಬಾಗಿಲು ನಾನು ನೋಡ್ಕೋತೀನಿ' ಎಂದು ಕೈಹಿಡಿದು ಪರ್ತ್ ಊರಿಗೆ ಕಳಿಸಿದವನು.

"ಕೋಟೆ ಧಣಿ ಕೆಡವು ಅಂದ್ರಂತೆ. ನಿಂಗವನು ಹೇಳಿಲ್ವಾ?" ಎಫಿಯ ನಗು ನಿಂತಿತು.

ಹೇಳಿರಲಿಲ್ಲ... ಅಪ್ಪ ಸತ್ತ ಮೇಲೆ ಇಷ್ಬೆಲ್‌ಗೆ ಉಳಿದದ್ದು ಈ ಬಾಗಿಲು ಕಾಯುವ ಕೆಲಸ, ಅದರೊಂದಿಗೆ ಬಂದ ಈ ಮನೆ. ಅಷ್ಟೇ.

'ನನ್ನನ್ನ ದೂರ ಕಳಿಸೋಕೆ ಕೈ ಹಿಡಿದ್ನಾ!'

ಬಕೆಟ್ಟು, ಬ್ರಷ್ಷು ತಂದಳು. ಮರ್ಡೋ ಬರುವ ಹೊತ್ತಿಗೆ ಹುಲ್ಲಿನ ಮೇಲೆ ಬಿಳಿ ನೀರು ಹರಿಯುತ್ತಿತ್ತು. ಒಂದಂಕಿಯೂ ಉಳಿದಿರಲಿಲ್ಲ.

"ಅಯ್ಯೋ! ಏನ್ ಮಾಡ್ದೆ ಇಷ್ಬೆಲ್?"

"ಕೆಡವೋನಿಗೆ ನಂಬರ್ ಯಾಕೋ?"

"ತಿರುಗಿ ಕಟ್ಟೋನಿಗೆ ಬೇಕು." ಅವನು ಅಲ್ಲೇ ಕುಸಿದು ಕೂತ. "ಗೋಡೆ ಉಬ್ಬಿ ಹೊಟ್ಟೆ ಬಿಟ್ಟಿತ್ತು, ನಿನ್ನ ಮೇಲೇ ಬೀಳ್ತಿತ್ತು. ಮನೆ ಪೂರ್ತಿ ಕೆಡವಿ, ಕಲ್ಲನ್ನ ಕುದುರೆ ಲಾಯ ಕಟ್ಟೋಕೆ ಹಾಕು ಅಂದ್ರು ಧಣಿ. ಈ ಗೋಡೆಯೊಂದನ್ನೇ ಬಿಚ್ಚಿ, ಇದ್ದ ಹಾಗೇ ಕಟ್ತೀನಿ ಅಂತ ಗೋಗರೆದೆ. ನಕ್ಷೆ ಇದೆ... ನಂಬರಿಲ್ಲದ ಕಲ್ಲಿಗೆ ನಕ್ಷೆ ಇದ್ದೇನು?"

ಅವಳ ಕೈಯಿಂದ ಬ್ರಷ್ಷು ಜಾರಿತು. ಎದೆಯ ಉರಿ ಮಾತ್ರ ಆರಲಿಲ್ಲ.

"ಒಂದು ತಿಂಗಳು ಎದುರಿಗೇ ಕೂತಿದ್ದೆ. ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ಮನೆ ಬಿಟ್ಟು ಕದಲ್ತಿರ್ಲಿಲ್ಲ. ನನ್ನ ಒಳಗೂ ಬಿಡ್ತಿರ್ಲಿಲ್ಲ. ಹೆದರ್ದೆ... ನಿನ್ನ ಪ್ರೀತಿಸ್ತೀನಿ ಕಣೇ. ತಪ್ಪು ಮಾಡ್ದೆ."

ಅವಳು ಒದ್ದೆ ಕಲ್ಲೊಂದರ ಮೇಲೆ ಅಂಗೈ ಇಟ್ಟಳು.

"ಇದು ಕಿಟಕಿ ಕೆಳಗಿಂದು. ಅಪ್ಪ ಹೊಗೆಸೊಪ್ಪಿನ ಪೈಪು ಕುಟ್ಟಿ ಕುಟ್ಟಿ ಕಪ್ಪಾಗಿದೆ. ಅದರ ಎಡಕ್ಕೆ ಆ ಕೆಂಪನೇದು. ಚಿಕ್ಕವಳಿದ್ದಾಗ ನನ್ನ ಹಲ್ಲು ಮುರಿದದ್ದು."

ಮರ್ಡೋ ಬಾಯಿಬಿಟ್ಟು ನೋಡಿದ. "ಎಲ್ಲಾ ಕಲ್ಲೂ ಗೊತ್ತಾ ನಿಂಗೆ?"

"ಎಲ್ಲಾ ಗೊತ್ತು. ಗೊತ್ತಾಗದೇ ಹೋದೋನು ನೀನೊಬ್ಬನೇ."

ಅವನು ಸೀಮೆಸುಣ್ಣ ನೀಡಿದ. "ಮೊದಲಿಂದ ಶುರು ಮಾಡೋಣ್ವಾ?"

ಅವಳು ಕಣ್ಣೊರೆಸಿಕೊಂಡು ಅದನ್ನು ತೆಗೆದುಕೊಂಡಳು.

"ನಿಧಾನಕ್ಕೆ... ಕೆಳಗಿನ ಸಾಲಿಂದ."