ಬಾಯಿ ಹೊಲಿದ ಮೀನು

"ಅದನ್ನ ಮುಟ್ಟಬೇಡಿ ನರ್ಸಮ್ಮ, ನೀರಿಗೆ ಬಿಟ್ಟುಬಿಡ್ತೀನಿ," ಎಂದಳು ಮೀನು ಮಾರುವವಳು. ಬಲೆಯಲ್ಲಿ ಸಿಕ್ಕ ಮುದಿ ಮೀನನ್ನು ಮೈಯಿಂದ ದೂರ ಎತ್ತಿ ಹಿಡಿದಿದ್ದಳು. ಮೀನಿನ ತುಟಿಗಳನ್ನು ಯಾರೋ ಕಪ್ಪು ದಾರದಿಂದ ಬಿಗಿಯಾಗಿ ಹೊಲಿದಿದ್ದರು. ಅದು ಏನು ತಿಂದು ಬದುಕಿತ್ತೋ.

ನರ್ಸಮ್ಮ ಈ ಬಡಾವಣೆಗೆ ಹೊಸಬಳು. ಕೆರೆದಂಡೆಯ ಮನೆಯಲ್ಲಿ, ಮಾತು ನಿಂತುಹೋದ ಮುದುಕಿಯ ಆರೈಕೆಗೆಂದು ಬಂದವಳು. ಪ್ರಯಾಣ ಹೋಗಿದ್ದ ಮುದುಕಿಯ ಮಗ ಮರಳಿದ ಕೂಡಲೇ ಹೊರಡುವವಳು. ಅಕ್ಕನ ಮನೆಯಲ್ಲಿ ಬಿಟ್ಟುಬಂದ ಪುಟ್ಟ ಮಗಳು, ಯಾವಾಗ ಬರ್ತೀಯ ಎಂದು ದಿನಾ ಸಂಜೆ ಫೋನಿನಲ್ಲಿ ಜೀವ ತಿನ್ನುತ್ತಿದ್ದಳು.

ಮಾರುವವಳು ದನಿ ತಗ್ಗಿಸಿ ಹೇಳಿದಳು. ಆ ಮುದುಕಿ ಆಡಿದ್ದೆಲ್ಲ ಆಗಿಬಿಡುತ್ತಿತ್ತಂತೆ. ಒಮ್ಮೆ ಸಿಟ್ಟಿನಲ್ಲಿ ಸೊಸೆಗೆ, ಕೆರೆ ಪಾಲಾಗು ಅಂದಳಂತೆ. ಕತ್ತಲಾಗುವುದರೊಳಗೆ ಸೊಸೆ ನೀರಿನ ಮೇಲೆ ತೇಲಿದಳಂತೆ. ಆಮೇಲೆ ಮಗನೇ ಮಾಟಗಾರನನ್ನು ಕರೆಸಿ, ತಾಯಿಯ ಕೂದಲು ಸೇರಿಸಿ ಹೊಸೆದ ದಾರದಿಂದ ಮೀನೊಂದರ ಬಾಯಿ ಹೊಲಿಸಿ ಕೆರೆಗೆ ಬಿಟ್ಟನಂತೆ. ಮುದುಕಿಯ ಬಾಯಿ ಮುಚ್ಚಿದ್ದು ಅವತ್ತೇ.

"ಅದು ಸ್ಟ್ರೋಕ್ ಕಣಮ್ಮ," ನರ್ಸಮ್ಮ ನಕ್ಕಳು. "ಹೊಲಿಗೆ ಬಿಚ್ಚೋದೇ ನನ್ನ ಕಸುಬು. ತಾ ಇಲ್ಲಿ."

ಚೀಲದಿಂದ ಪುಟ್ಟ ಕತ್ತರಿ ತೆಗೆದಳು. ವಾರ್ಡಿನಲ್ಲಿ ಮಾಡುವ ಹಾಗೆಯೇ, ಗಂಟು ಎತ್ತಿ, ಕತ್ತರಿಸಿ, ನೋವಾಗದಂತೆ ಎಳೆದಳು. ಕೊನೆಯ ಎಳೆ ಬಂದಾಗ ಮೀನು ಬಾಯಿ ತೆರೆಯಿತು. ವರ್ಷಗಟ್ಟಲೆ ಮುಚ್ಚಿಟ್ಟ ಕೋಣೆಯ ಮುಗ್ಗಲು ವಾಸನೆ ಹೊಮ್ಮಿತು. ಮಾರುವವಳು ಬಲೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಮನೆಯೊಳಗೂ ಅದೇ ವಾಸನೆ. ಮುದುಕಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ತುಟಿಯ ಸುತ್ತ ಸೂಜಿ ಚುಚ್ಚಿದಂಥ ತೂತುಗಳು, ಒಂದೊಂದರಲ್ಲೂ ರಕ್ತದ ಹನಿ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರ ಜೊತೆಗೂ ಮಾತಾಡದೆ ವರ್ಷ ಸವೆಸಿದ ಹೆಂಗಸಿನ ಹಸಿವಿತ್ತು. ಆ ಹಸಿವಿನ ಗುರುತು ನರ್ಸಮ್ಮನಿಗೂ ಇತ್ತು. ಹಾಗಾಗಿಯೇ ಹತ್ತಿರ ಹೋಗಿ ಕೂತಳು.

"ಎಷ್ಟು ಒಳ್ಳೆಯವಳೇ ನನ್ನ ತಾಯಿ," ಮುದುಕಿ ಅವಳ ಕೆನ್ನೆ ಸವರಿದಳು. "ಎಲ್ಲೂ ಹೋಗಬೇಡ. ಇಲ್ಲೇ ಇದ್ದುಬಿಡು."

ನರ್ಸಮ್ಮನ ಪಾದ ಜೋಮು ಹಿಡಿಯಿತು. ಆಮೇಲೆ ಮೊಣಕಾಲು. ಸೊಂಟ. ತೊಡೆ ಚಿವುಟಿಕೊಂಡಳು; ಬೇರೆ ಯಾರನ್ನೋ ಚಿವುಟಿದಂತಿತ್ತು. ಭಯವಾಗಬೇಕಿತ್ತು. ಭಯಕ್ಕೂ ಜೋಮು ಹಿಡಿದಿತ್ತು.

ಮಡಿಲಲ್ಲಿ ಫೋನು ಅದುರಿತು. ಕತ್ತಲು ಕವಿದ ಕೋಣೆಯಲ್ಲಿ ಮಗಳ ಮುಖ ಬೆಳಗಿತು.

ಮುದುಕಿ ಬಗ್ಗಿ ನೋಡಿ ಅಕ್ಕರೆಯಿಂದ ನಕ್ಕಳು. "ನಿನ್ನ ಮಗುವಾ? ಅದನ್ನೂ..."

ನರ್ಸಮ್ಮ ಅಂಗೈಯಿಂದ ಆ ಬಾಯಿ ಮುಚ್ಚಿದಳು. ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು. ಅಂಗೈಯಡಿ ತುಟಿಗಳು ಮಿಸುಕಿದವು. ಬಿಸಿಯುಸಿರು ತಾಗಿತು. ಫೋನು ನಿಂತಿತು. ಮತ್ತೆ ಅದುರಿತು. ಜೋಮು ಭುಜಕ್ಕೇರಿತು. ಮೊಣಕೈಗಿಳಿಯಿತು. ಮಣಿಕಟ್ಟಿಗೆ ಬಂತು. ಈಗ ಬಿಸಿಯುಸಿರು ತಾಗುತ್ತಿಲ್ಲ. ತುಟಿಗಳೂ ಇಲ್ಲ. ಕೈ ಅಲ್ಲೇ ಇದೆಯೋ, ಜಾರಿತೋ.

ಫೋನಿನ ಬೆಳಕು ಆರಿತು.

ಕತ್ತಲಲ್ಲಿ, ಮಾತಾಡುವ ಮುನ್ನ ಮುದುಕಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು.